ಜೆರ್ಸಿಯ ಮೇಲಿನ ಹೆಸರು, ಕರಾರಿನ ಕೆಳಗಿಲ್ಲದ ಸಹಿ: ಈಸ್ಟ್ ಬೆಂಗಾಲ್ ಕ್ಲಬ್ಬಿನ ಪ್ರಕರಣ

2021ರ ಜುಲೈ 21ರಂದು ಕೋಲ್ಕತ್ತದ ಮೈದಾನ ಪ್ರದೇಶದ ಲೆಸ್ಲಿ ಕ್ಲಾಡಿಯಸ್ ಸರಣಿಯಲ್ಲಿ, ಈಸ್ಟ್ ಬೆಂಗಾಲ್ ಫುಟ್‌ಬಾಲ್ ಕ್ಲಬ್ಬಿನ ಬಾಗಿಲ ಮುಂದೆ, ಆ ಕ್ಲಬ್ಬಿನದೇ ಅಭಿಮಾನಿಗಳ ಎರಡು ಗುಂಪುಗಳು ಎದುರುಬದುರಾಗಿ ನಿಂತವು. ಹೂಡಿಕೆದಾರ ಕಂಪನಿ ಕಳಿಸಿದ ಅಂತಿಮ ಒಪ್ಪಂದಕ್ಕೆ ಪದಾಧಿಕಾರಿಗಳು ಕೂಡಲೇ ಸಹಿ ಹಾಕಬೇಕೆಂಬುದು ಒಂದು ಗುಂಪಿನ ಒತ್ತಾಯವಾಗಿದ್ದರೆ, ಸಹಿ ಹಾಕಿದರೆ ನೂರು ವರ್ಷದ ಕ್ಲಬ್ಬನ್ನು ಮಾರಿದಂತಾಗುತ್ತದೆ ಎಂಬುದು ಇನ್ನೊಂದು ಗುಂಪಿನ ವಾದವಾಗಿತ್ತು. ಕೊನೆಗೆ ಪೊಲೀಸರು ಲಾಠಿ ಬೀಸಿದರು. ಎದುರಾಳಿ ಮೋಹನ್ ಬಾಗಾನ್‌ನವರು ಒಬ್ಬರೂ ಇಲ್ಲದ ಜಾಗದಲ್ಲಿ, ಚೆಂಡೂ ಇಲ್ಲದೆ, ಪಂದ್ಯವೂ ಇಲ್ಲದೆ, ಒಂದು ಕರಾರುಪತ್ರಕ್ಕಾಗಿ ಈಸ್ಟ್ ಬೆಂಗಾಲ್‌ನ ಅಭಿಮಾನಿಗಳು ಏಟು ತಿಂದರು.

ಒಂದು ಕ್ಲಬ್ಬು ಈ ಸ್ಥಿತಿಗೆ ಬಂದದ್ದು ಹೇಗೆಂಬುದನ್ನು ತಿಳಿಯಲು 1998ರಿಂದ 2022ರವರೆಗಿನ ಸುಮಾರು ಕಾಲು ಶತಮಾನದ ಕತೆಯನ್ನು ಬಿಡಿಸಿ ನೋಡಬೇಕಾಗುತ್ತದೆ. ಆ ಕತೆಯಲ್ಲಿ ನಮ್ಮ ಬೆಂಗಳೂರಿನ ಎರಡು ಕಂಪನಿಗಳು ಬರುತ್ತವೆ. ಆದ್ದರಿಂದ ಇದನ್ನು ದೂರದ ಬಂಗಾಳದವರ ಮನೆಜಗಳವೆಂದು ಕನ್ನಡದ ಓದುಗರು ಬದಿಗಿಡುವಂತಿಲ್ಲ. ಜೆರ್ಸಿಯ ಎದೆಯ ಮೇಲೆ ಯಾರ ಹೆಸರಿದೆ ಎಂಬುದೇ ಎಲ್ಲರ ಕಣ್ಣಿಗೆ ಬೀಳುವ ವಿವಾದವಾದರೂ, ಆ ಹೆಸರು ಅಲ್ಲಿಗೆ ಬಂದ ಷರತ್ತುಗಳು ಬೀರುವಿನೊಳಗೇ ಉಳಿಯುತ್ತವೆ. ಈಸ್ಟ್ ಬೆಂಗಾಲ್ ವಿಷಯದಲ್ಲಿ ಹೆಸರುಗಳು ಮತ್ತೆ ಮತ್ತೆ ಬದಲಾದವು. ತಂಡವನ್ನು ಕೊಟ್ಟರೆ ಕ್ಲಬ್ಬನ್ನೂ ಕೊಟ್ಟಂತೆಯೇ ಎಂಬ ಪ್ರಶ್ನೆಗೆ ಮಾತ್ರ ಯಾವ ಕರಾರೂ ಇಬ್ಬರೂ ಒಪ್ಪುವಂತಹ ಉತ್ತರ ಕೊಡಲಿಲ್ಲ ಎಂಬುದು ಈ ಬರಹದ ವಾದ.

ಜಗಳದಿಂದಲೇ ಹುಟ್ಟಿದ ಕ್ಲಬ್ಬು

ಈಸ್ಟ್ ಬೆಂಗಾಲ್‌ನ ಹುಟ್ಟಿಗೆ ಕಾರಣವಾದದ್ದೇ ಒಂದು ಆಡಳಿತದ ಜಗಳ. 1920ರ ಜುಲೈ 28ರಂದು ಜೋರಾಬಾಗಾನ್ ಮತ್ತು ಮೋಹನ್ ಬಾಗಾನ್ ತಂಡಗಳ ನಡುವೆ ನಡೆಯಬೇಕಿದ್ದ ಪಂದ್ಯದಿಂದ ಶೈಲೇಶ್ ಬೋಸ್ ಎಂಬ ಆಟಗಾರನನ್ನು ಜೋರಾಬಾಗಾನ್ ಕೈಬಿಟ್ಟಿತು. ಆತ ಪೂರ್ವ ಬಂಗಾಳದವನೆಂಬ ಕಾರಣಕ್ಕೇ ಹೀಗಾಯಿತೆಂದು ನೊಂದ ಆ ಕ್ಲಬ್ಬಿನ ಉಪಾಧ್ಯಕ್ಷ ಸುರೇಶ್ ಚಂದ್ರ ಚೌಧುರಿ ಹೊರಬಂದರು; ಆಗಸ್ಟ್ 1ರಂದು ಹೊಸ ಕ್ಲಬ್ಬು ಹುಟ್ಟಿಕೊಂಡಿತು. ಮುಂದೆ ದೇಶವಿಭಜನೆಯಾಗಿ ಪೂರ್ವ ಬಂಗಾಳದಿಂದ ಲಕ್ಷಾಂತರ ಜನ ಮನೆಮಠ ಬಿಟ್ಟು ಕೋಲ್ಕತ್ತಕ್ಕೆ ಬಂದಾಗ, ಅವರಿಗೆ ಕಳೆದುಹೋದ ಊರಿನ ಹೆಸರು ಉಳಿದದ್ದು ಈ ಕ್ಲಬ್ಬಿನ ಫಲಕದ ಮೇಲೆ ಮಾತ್ರ. ಹೆಸರಿನ ಮುಂದೆ ಇನ್ನೊಂದು ಹೆಸರನ್ನು ಅಂಟಿಸಲು ಬಂದವರು ಈ ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂಬುದು ಮುಂದಿನ ಅನೇಕ ತೊಡಕುಗಳಿಗೆ ಮೂಲ.

ಕ್ಲಬ್ಬಿನ ರಚನೆಯ ಬಗ್ಗೆಯೂ ಎರಡು ಮಾತು ಹೇಳಬೇಕು. ಇದು ಸದಸ್ಯರ ಸಂಘ. ಸದಸ್ಯರು ಮತ ಹಾಕಿ ಕಾರ್ಯಕಾರಿ ಸಮಿತಿಯನ್ನು ಆರಿಸುತ್ತಾರೆ. ಆ ಸಮಿತಿಯ ಪ್ರಮುಖರನ್ನು ಮೈದಾನದ ಆಡುಮಾತಿನಲ್ಲಿ ‘ಕೊರ್ತಾ’ ಎನ್ನುತ್ತಾರೆ, ಅಂದರೆ ಕರ್ತ. ಮೈದಾನದ ನೆಲ ಸೇನೆಯ ಸುಪರ್ದಿನಲ್ಲಿರುವುದರಿಂದ ಕ್ಲಬ್ಬಿನ ಕಚೇರಿಯನ್ನು ಇಂದಿಗೂ ‘ಟೆಂಟು’ ಎಂದೇ ಕರೆಯುವುದು ವಾಡಿಕೆ. ಹೀಗೆ ಸ್ವಂತ ನೆಲವಿಲ್ಲದ, ಲಾಭ ಹಂಚಿಕೊಳ್ಳುವ ಮಾಲೀಕರಿಲ್ಲದ ಸಂಸ್ಥೆಯೊಂದರ ನಿಜವಾದ ಆಸ್ತಿಗಳೆಂದರೆ ಹೆಸರು, ಬಣ್ಣ, ಸದಸ್ಯತ್ವ ಮತ್ತು ‘ಸ್ಪೋರ್ಟಿಂಗ್ ರೈಟ್ಸ್’ ಎಂದು ಕರೆಯಲಾಗುವ ಕ್ರೀಡಾ ಹಕ್ಕು. ಟೂರ್ನಿಗಳಲ್ಲಿ ಈಸ್ಟ್ ಬೆಂಗಾಲ್ ಎಂಬ ಹೆಸರಿನಲ್ಲಿ ತಂಡವನ್ನು ನೋಂದಾಯಿಸಿ ಆಡಿಸುವ ಅಧಿಕಾರವೇ ಈ ಕ್ರೀಡಾ ಹಕ್ಕು. ಮುಂದೆ ಕಾದಾಟವೆಲ್ಲ ನಡೆದದ್ದು ಇದರ ಸುತ್ತಲೇ.

ಈ ವ್ಯವಸ್ಥೆಯನ್ನು ನಮ್ಮ ಕರಾವಳಿಯ ಓದುಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಯಕ್ಷಗಾನದ ಕ್ಷೇತ್ರಮೇಳಗಳಲ್ಲಿ ಮೇಳದ ಹೆಸರೂ ಪೂಜೆಯ ಕಿರೀಟವೂ ದೇವಸ್ಥಾನದ್ದಾಗಿದ್ದು, ಕಲಾವಿದರಿಗೆ ಸಂಬಳ ಕೊಟ್ಟು ತಿರುಗಾಟ ನಡೆಸುವ ಹೊಣೆಯನ್ನು ಯಜಮಾನರೊಬ್ಬರಿಗೆ ವಹಿಸುವ ಪದ್ಧತಿ ಹಲವು ಕಡೆ ಇದೆ. ಯಜಮಾನ ಎಷ್ಟೇ ಹಣ ಸುರಿದರೂ ಕ್ಷೇತ್ರದ ಹೆಸರು ಅವನದಾಗುವುದಿಲ್ಲ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಕೋಲ್ಕತ್ತದಲ್ಲಿ ಆ ಮಾತನ್ನು ಯಾರೂ ಮೊದಲೇ ಆಡಿಕೊಳ್ಳಲಿಲ್ಲ.

ಒಂದೇ ಗೂಡಿನ ಎರಡು ಹಕ್ಕಿಗಳು

1997ರ ಜುಲೈ 13ರಂದು ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ನಡೆದ ಫೆಡರೇಷನ್ ಕಪ್ ಸೆಮಿಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ ತಂಡ ಮೋಹನ್ ಬಾಗಾನನ್ನು 4-1ರಿಂದ ಸೋಲಿಸಿತು. ಬೈಚುಂಗ್ ಭುಟಿಯಾ ಮೂರು ಗೋಲು ಹೊಡೆದರು. ಆ ದಿನ ಸೇರಿದ್ದ ಜನರ ಲೆಕ್ಕ 1,31,000. ಭಾರತದಲ್ಲಿ ಯಾವುದೇ ಕ್ರೀಡೆಯ ಒಂದು ಪಂದ್ಯಕ್ಕೆ ಇಷ್ಟು ಜನ ಸೇರುವುದು ಅಪರೂಪ. ಮರುವರ್ಷವೇ, 1998ರಲ್ಲಿ, ಬೆಂಗಳೂರಿನ ಯುಬಿ ಸಮೂಹ ಕೋಲ್ಕತ್ತದ ಬಾಗಿಲು ತಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ. ಮದ್ಯದ ಜಾಹೀರಾತಿಗೆ ದೂರದರ್ಶನದ ಬಾಗಿಲು ಮುಚ್ಚಿದ್ದ ಕಾಲದಲ್ಲಿ, ಲಕ್ಷ ಜನ ಒಂದೆಡೆ ಕೂತು ತೊಂಬತ್ತು ನಿಮಿಷ ಕಣ್ಣು ಕೀಳದೆ ನೋಡುವ ಬಟ್ಟೆಯ ತುಂಡೊಂದಕ್ಕೆ ಎಷ್ಟು ಬೆಲೆಯೆಂದು ಆ ಸಮೂಹದ ಮುಖ್ಯಸ್ಥ ವಿಜಯ್ ಮಲ್ಯ ಅವರಿಗೆ ತಿಳಿಸಿಕೊಡಬೇಕಾಗಿರಲಿಲ್ಲ. ಹತ್ತು ವರ್ಷಗಳ ನಂತರ ಬೆಂಗಳೂರಿನ ಐಪಿಎಲ್ ತಂಡಕ್ಕೆ ಒಂದು ವಿಸ್ಕಿಯ ಹೆಸರನ್ನೇ ಇಟ್ಟು, ಅದನ್ನು ಇಡೀ ಕರ್ನಾಟಕ ಪ್ರೀತಿಯಿಂದ ಕೂಗುವಂತೆ ಮಾಡಿದವರೂ ಅವರೇ.

ಕೋಲ್ಕತ್ತದಲ್ಲಿ ಆದದ್ದು ಬರೀ ಪ್ರಾಯೋಜಕತ್ವವಲ್ಲ. ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್ ಎರಡರಲ್ಲೂ ಫುಟ್‌ಬಾಲ್ ತಂಡಕ್ಕೆಂದು ಪ್ರತ್ಯೇಕ ಖಾಸಗಿ ಕಂಪನಿಗಳು ಸ್ಥಾಪನೆಯಾದವು. ಎರಡರಲ್ಲೂ ಯುಬಿ ಸಮೂಹಕ್ಕೆ ಅರ್ಧ ಪಾಲು. ಈಸ್ಟ್ ಬೆಂಗಾಲ್ ಹೆಸರಿನ ಮುಂದೆ ಕಿಂಗ್‌ಫಿಷರ್ ಬಂತು, ಮೋಹನ್ ಬಾಗಾನ್ ಮುಂದೆ ಮೆಕ್‌ಡೊವೆಲ್. ದೇಶದ ಅತಿ ದೊಡ್ಡ ಫುಟ್‌ಬಾಲ್ ಹಗೆತನದ ಎರಡು ಬದಿಗಳಲ್ಲೂ ಒಬ್ಬರದೇ ಬಂಡವಾಳ, ಎರಡು ಜೆರ್ಸಿಗಳ ಮೇಲೂ ಒಂದೇ ಮನೆಯ ಸರಕು. ಒಬ್ಬನೇ ವ್ಯಕ್ತಿ ಅಥವಾ ಸಂಸ್ಥೆ ಒಂದೇ ಲೀಗಿನ ಎರಡು ಕ್ಲಬ್ಬುಗಳ ಮೇಲೆ ಹತೋಟಿ ಹೊಂದಬಾರದೆಂಬುದು ಜಗತ್ತಿನ ಬಹುಪಾಲು ಲೀಗುಗಳು ಪಾಲಿಸುವ ತತ್ತ್ವ. ಆದರೆ 1999-2000ರಿಂದ 2003-04ರವರೆಗಿನ ಐದು ಋತುಗಳಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗಿನ ಐದೂ ಪ್ರಶಸ್ತಿಗಳು ಈ ಎರಡು ಕ್ಲಬ್ಬುಗಳ ನಡುವೆಯೇ ಹಂಚಿಹೋದವು: ಎರಡು ಮೋಹನ್ ಬಾಗಾನ್‌ಗೆ, ಮೂರು ಈಸ್ಟ್ ಬೆಂಗಾಲ್‌ಗೆ. ಆಟದಲ್ಲಿ ಮೋಸ ನಡೆಯಿತೆಂದು ಇಲ್ಲಿ ಸೂಚಿಸುತ್ತಿಲ್ಲ. ಆ ತಂಡಗಳು ಆಗ ನಿಜಕ್ಕೂ ಬಲಾಢ್ಯವಾಗಿದ್ದವು, 2003ರಲ್ಲಿ ಸುಭಾಷ್ ಭೌಮಿಕ್ ಅವರ ತರಬೇತಿಯಲ್ಲಿ ಈಸ್ಟ್ ಬೆಂಗಾಲ್ ಜಕಾರ್ತಾದಲ್ಲಿ ಥಾಯ್ಲೆಂಡಿನ ಬಿಇಸಿ ತೆರೋ ಸಾಸನ ತಂಡವನ್ನು 3-1ರಿಂದ ಮಣಿಸಿ ಆಸಿಯಾನ್ ಕ್ಲಬ್ ಕಪ್ಪನ್ನು ತಂದದ್ದೇ ಅದಕ್ಕೆ ಸಾಕ್ಷಿ. ಆದರೂ ಇಂತಹ ಏರ್ಪಾಡು ಇಷ್ಟು ಕಾಲ ಹೆಚ್ಚು ತಕರಾರಿಲ್ಲದೆ ನಡೆದುಕೊಂಡು ಹೋಯಿತೆಂಬುದು ಭಾರತೀಯ ಫುಟ್‌ಬಾಲ್ ಆಡಳಿತದ ಬಗ್ಗೆ ಏನನ್ನೋ ಹೇಳುತ್ತದೆ.

ಇನ್ನು ಮದ್ಯದ ಹೆಸರಿನ ಪ್ರಶ್ನೆ. 1994ರ ಕೇಬಲ್ ಟೆಲಿವಿಷನ್ ನಿಯಮಗಳು ಮದ್ಯ ಮತ್ತು ತಂಬಾಕಿನ ಜಾಹೀರಾತನ್ನು ನಿಷೇಧಿಸುತ್ತವೆ. ಅದನ್ನು ದಾಟಲು ಕಂಪನಿಗಳು ಅದೇ ಹೆಸರಿನಲ್ಲಿ ಸೋಡಾ, ಕುಡಿಯುವ ನೀರು, ಸಂಗೀತದ ಸಿ.ಡಿ. ಮುಂತಾದವನ್ನು ಮುಂದಿಟ್ಟು ಪರೋಕ್ಷ ಜಾಹೀರಾತು ಕೊಡುವುದನ್ನು ರೂಢಿ ಮಾಡಿಕೊಂಡವು. ಜೆರ್ಸಿ ಇದಕ್ಕಿಂತಲೂ ಸುಲಭದ ದಾರಿ. ಅದು ಜಾಹೀರಾತಿನ ವೇಳೆಯಲ್ಲಿ ಬರುವುದಿಲ್ಲ, ಆಟದ ನಡುವೆಯೇ ಬರುತ್ತದೆ. ಅಭಿಮಾನಿಯ ಹತ್ತು ವರ್ಷದ ಮಗನೂ ಅದನ್ನು ತೊಟ್ಟು ಶಾಲೆಯ ಮೈದಾನಕ್ಕೆ ಹೋಗುತ್ತಾನೆ. ಆದರೆ ಮೈದಾನದಲ್ಲಿ ಇದರ ಬಗ್ಗೆ ದೊಡ್ಡ ಗಲಾಟೆ ಎದ್ದದ್ದು ಕಡಿಮೆ. ಕಾರಣ ಸರಳ: ಯುಬಿ ಹಣ ಕೊಟ್ಟಿತು, ಟೆಂಟಿನೊಳಗೆ ತಲೆ ಹಾಕಲಿಲ್ಲ. ಆಟಗಾರರ ಆಯ್ಕೆ, ಕೋಚ್ ನೇಮಕ, ಸದಸ್ಯತ್ವ ಎಲ್ಲವೂ ಹೆಚ್ಚುಕಡಿಮೆ ಕೊರ್ತಾಗಳ ಕೈಯಲ್ಲೇ ಉಳಿದವು. ಅರ್ಧ ಪಾಲಿದ್ದೂ ಅಧಿಕಾರ ಚಲಾಯಿಸದ ಈ ಪಾಲುದಾರಿಕೆ ಪದಾಧಿಕಾರಿಗಳಿಗೆ ಒಂದು ಅಭ್ಯಾಸವನ್ನು ಕಲಿಸಿತು. ಹಣ ಕೊಡುವವನೆಂದರೆ ಎದೆಯ ಮೇಲೆ ಹೆಸರು ಬರೆಸಿಕೊಂಡು ಸುಮ್ಮನಿರುವವನು ಎಂಬ ಅಭ್ಯಾಸ. 2018ರ ನಂತರ ಮುಗ್ಗರಿಸಿದ್ದು ಇಲ್ಲಿಯೇ.

ಠೇವಣಿದಾರರ ದುಡ್ಡು

ಯುಬಿಯ ಕಾಲದಲ್ಲೇ ಜೆರ್ಸಿಯ ಸುತ್ತ ಇನ್ನೊಂದು ಹೆಸರು ಬಂದು ಹೋಯಿತು. ಶಾರದಾ ಸಮೂಹ ಕೋಲ್ಕತ್ತದ ಎರಡೂ ದೊಡ್ಡ ಕ್ಲಬ್ಬುಗಳಿಗೆ ಪ್ರಾಯೋಜಕತ್ವ ನೀಡಿತ್ತು. ಬಂಗಾಳದವರು ಇಂತಹ ಸಂಸ್ಥೆಗಳನ್ನು ‘ಚಿಟ್ ಫಂಡ್’ ಎಂದು ಕರೆಯುತ್ತಾರಾದರೂ, ನಮ್ಮಲ್ಲಿ 1982ರ ಕಾಯ್ದೆಯಡಿ ನೋಂದಾಯಿಸಿಕೊಂಡು ನಡೆಯುವ ಚೀಟಿ ವ್ಯವಹಾರಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಹೊಸಬರ ಠೇವಣಿಯಿಂದ ಹಳಬರಿಗೆ ಬಡ್ಡಿ ತೀರಿಸುವ ಜಾಲವದು. 2013ರ ಏಪ್ರಿಲ್‌ನಲ್ಲಿ ಅದು ಕುಸಿದುಬಿತ್ತು, ಮುಖ್ಯಸ್ಥನನ್ನು ಕಾಶ್ಮೀರದ ಸೋನಮಾರ್ಗ್‌ನಲ್ಲಿ ಬಂಧಿಸಲಾಯಿತು, ಲಕ್ಷಾಂತರ ಸಣ್ಣ ಠೇವಣಿದಾರರ ಉಳಿತಾಯ ಮಣ್ಣುಪಾಲಾಯಿತು. ಸುಪ್ರೀಂ ಕೋರ್ಟ್ 2014ರ ಮೇ ತಿಂಗಳಲ್ಲಿ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಆ ವರ್ಷವೇ ಎರಡೂ ಕ್ಲಬ್ಬುಗಳ ಒಬ್ಬೊಬ್ಬ ಪ್ರಮುಖ ಪದಾಧಿಕಾರಿಯ ಬಂಧನವಾಯಿತು. ಬಂಧನವೆಂದರೆ ಅಪರಾಧ ಸಾಬೀತಾದಂತಲ್ಲವಾದ್ದರಿಂದ ಅವರ ಹೆಸರುಗಳು ಇಲ್ಲಿ ಬೇಕಾಗಿಲ್ಲ.

ಬಿಯರಿನ ಹೆಸರಿಗಿಂತ ಇದು ಹೆಚ್ಚು ಕಳವಳಕಾರಿ ಸಂಗತಿಯೆಂದು ಈ ಲೇಖಕನ ಅಭಿಪ್ರಾಯ. ಬಿಯರ್ ಕಂಪನಿ ಏನು ಮಾರುತ್ತದೆಂದು ಎಲ್ಲರಿಗೂ ಗೊತ್ತು. ಠೇವಣಿ ಕಂಪನಿ ಮಾರುವುದು ನಂಬಿಕೆಯನ್ನು. ಮತ್ತು ಆ ನಂಬಿಕೆಯನ್ನು ಸಾಲ ಪಡೆಯಲು ಅದು ಬರುವುದು ಜನ ಈಗಾಗಲೇ ನಂಬಿರುವ ಕ್ಲಬ್ಬಿನ ಅಂಗಿಯ ಬಳಿಗೆ. ಸಣ್ಣ ಊರಿನ ಏಜೆಂಟನೊಬ್ಬ ಮನೆಬಾಗಿಲಿಗೆ ಬಂದು, ನಮ್ಮ ಕಂಪನಿಯ ಹಣದಿಂದಲೇ ನಿಮ್ಮ ತಂಡ ನಡೆಯುತ್ತಿದೆ ಎಂದು ಹೇಳಿದರೆ ಸಾಕಿತ್ತು. ಪ್ರಾಯೋಜಕನ ಹಣದ ಮೂಲವನ್ನು ವಿಚಾರಿಸುವ ಹೊಣೆ ಯಾರದು ಎಂಬ ಪ್ರಶ್ನೆಗೆ ಕ್ಲಬ್ಬಿನೊಳಗೆ ಉತ್ತರವಿರಲಿಲ್ಲ, ದೇಶದ ಫುಟ್‌ಬಾಲ್ ಆಡಳಿತ ನಡೆಸುವ ಫೆಡರೇಷನ್ ಬಳಿಯೂ ಇರಲಿಲ್ಲ.

ಬೆಂಗಳೂರಿನಿಂದ ಎರಡನೆಯ ಬಾರಿ

ಅಷ್ಟರಲ್ಲಿ ಯುಬಿಯ ದೆಸೆಯೂ ತಿರುಗಿತ್ತು. ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ನೆಲ ಕಚ್ಚಿತು. ಮೆಕ್‌ಡೊವೆಲ್ ಹೆಸರಿನ ಒಡೆತನವಿದ್ದ ಯುನೈಟೆಡ್ ಸ್ಪಿರಿಟ್ಸ್ ಡಿಯಾಜಿಯೊ ಪಾಲಾಯಿತು. 2016ರ ಮಾರ್ಚ್‌ನಲ್ಲಿ ಮಲ್ಯ ದೇಶ ಬಿಟ್ಟರು. ಕಿಂಗ್‌ಫಿಷರ್ ಹೆಸರು ಮಾತ್ರ 2018ರವರೆಗೂ ಕೆಂಪು-ಹೊಂಬಣ್ಣದ ಅಂಗಿಯ ಮೇಲೆ ಉಳಿದುಕೊಂಡಿತು. ಇನ್ನೊಂದು ಕಡೆ, ಫೆಡರೇಷನ್ 2010ರ ಡಿಸೆಂಬರ್‌ನಲ್ಲಿ ಐಎಂಜಿ-ರಿಲಯನ್ಸ್ ಜೊತೆ 15 ವರ್ಷಗಳಿಗೆ 700 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡ ಫಲವಾಗಿ 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾಗಿತ್ತು. ಫ್ರಾಂಚೈಸಿ ಶುಲ್ಕ ಕಟ್ಟಬಲ್ಲವರಿಗೆ ಮಾತ್ರ ಅಲ್ಲಿ ಜಾಗ. ನೂರು ವರ್ಷದ ಕ್ಲಬ್ಬುಗಳು ಹಳೆಯ ರಾಷ್ಟ್ರೀಯ ಲೀಗಾದ ಐ-ಲೀಗಿನಲ್ಲಿ ಉಳಿದು, ನಿನ್ನೆ ಹುಟ್ಟಿದ ತಂಡಗಳು ಮೊದಲ ದರ್ಜೆಯವಾದವು. ಸೂಪರ್ ಲೀಗಿಗೆ ಕರೆದೊಯ್ಯಬಲ್ಲ ಶ್ರೀಮಂತನೊಬ್ಬ ಸಿಗಲೇಬೇಕೆಂಬ ತರಾತುರಿ ಈಸ್ಟ್ ಬೆಂಗಾಲ್‌ಗೆ ಹತ್ತಿದ್ದು ಹೀಗೆ.

2018ರ ಜುಲೈನಲ್ಲಿ ಬಂದವರು ಬೆಂಗಳೂರಿನ ಕ್ವೆಸ್ ಕಾರ್ಪ್. ಅಜಿತ್ ಐಸಾಕ್ ಕಟ್ಟಿದ ಈ ಕಂಪನಿಯ ಮುಖ್ಯ ವ್ಯವಹಾರ ಬೇರೆ ಸಂಸ್ಥೆಗಳಿಗೆ ಸಿಬ್ಬಂದಿ ಒದಗಿಸುವುದು. ಹೊಸ ಕಂಪನಿಯಲ್ಲಿ ಕ್ವೆಸ್‌ಗೆ ನೂರಕ್ಕೆ 70 ಪಾಲು, ಕ್ಲಬ್ಬಿಗೆ 30. ತಂಡದ ಹೆಸರು ಕ್ವೆಸ್ ಈಸ್ಟ್ ಬೆಂಗಾಲ್ ಎಫ್‌ಸಿ. ಮೊದಲ ವರ್ಷ ಎಲ್ಲವೂ ಚೆನ್ನಾಗಿಯೇ ಕಂಡಿತು. ಸ್ಪೇನಿನ ಅಲೆಹಾಂದ್ರೊ ಮೆನೆಂಡೆಸ್ ಕೋಚ್ ಆಗಿ ಬಂದರು, ಕೋಸ್ಟರಿಕಾ ಪರ ವಿಶ್ವಕಪ್ ಆಡಿದ ರಕ್ಷಣಾ ಆಟಗಾರ ಜಾನಿ ಅಕೋಸ್ಟಾ ಬಂದರು, 2018-19ರ ಐ-ಲೀಗ್ ಕೊನೆಯ ದಿನದವರೆಗೂ ಎಳೆಯಿತು. ಚೆನ್ನೈ ಸಿಟಿ 43 ಅಂಕ, ಈಸ್ಟ್ ಬೆಂಗಾಲ್ 42. ಆ ಒಂದು ಅಂಕ ಇವರ ಕಡೆ ಬಿದ್ದಿದ್ದರೆ ಮುಂದಿನ ಜಗಳ ಇನ್ನೆರಡು ವರ್ಷ ತಡವಾಗುತ್ತಿತ್ತೇನೊ, ತಪ್ಪುತ್ತಿರಲಿಲ್ಲ.

ಏಕೆಂದರೆ ಆ ಲೀಗ್ ಮುಗಿದ ತಿಂಗಳೊಳಗೇ ಬಿರುಕು ಬಯಲಾಯಿತು. ಫೆಡರೇಷನ್ ಧೋರಣೆಯನ್ನು ವಿರೋಧಿಸಿ ಹಲವು ಐ-ಲೀಗ್ ಕ್ಲಬ್ಬುಗಳು 2019ರ ಸೂಪರ್ ಕಪ್ಪನ್ನು ಬಹಿಷ್ಕರಿಸಿದಾಗ, ಕ್ವೆಸ್ ಆಡುವುದಿಲ್ಲವೆಂದಿತು. ಕ್ಲಬ್ಬಿನ ಪದಾಧಿಕಾರಿಗಳು ಆಡಬೇಕೆಂದರು. ತಂಡ ಆಡಲಿಲ್ಲ. ಕಾಗದದ ಪ್ರಕಾರ ನೋಡಿದರೆ 70 ಪಾಲು ಇದ್ದವರ ಮಾತು ನಡೆಯಿತು, ಅಷ್ಟೆ. ಆದರೆ ಇಪ್ಪತ್ತು ವರ್ಷ ಅರ್ಧ ಪಾಲಿನವರನ್ನು ಮಾತಾಡದಂತೆ ಇಟ್ಟುಕೊಂಡಿದ್ದವರಿಗೆ, ಈಸ್ಟ್ ಬೆಂಗಾಲ್ ಎಲ್ಲಿ ಆಡಬೇಕು ಎಂಬುದನ್ನು ಬೆಂಗಳೂರಿನ ಕಚೇರಿಯೊಂದು ತೀರ್ಮಾನಿಸುತ್ತದೆಂಬುದು ನುಂಗಲಾರದ ತುತ್ತಾಯಿತು. ಆ ಅಕ್ಟೋಬರ್‌ನಲ್ಲಿ ಕಲ್ಕತ್ತಾ ಲೀಗಿನ ತನ್ನ ಕೊನೆಯ ಪಂದ್ಯಕ್ಕೆ ತಂಡ ಮೈದಾನಕ್ಕೇ ಬರಲಿಲ್ಲ. ಕಂಪನಿಯ ಕಣ್ಣಿಗೆ ಅದೊಂದು ಸ್ಥಳೀಯ ಲೀಗಿನ ಪಂದ್ಯ. ಗ್ಯಾಲರಿಯಲ್ಲಿ ಕೂರುವವನಿಗೆ ಅಜ್ಜನ ಕಾಲದಿಂದ ಎಣಿಸಿಕೊಂಡು ಬಂದ ಲೀಗು. 2020ರ ಜನವರಿಯಲ್ಲಿ ಮೋಹನ್ ಬಾಗಾನ್ ಎದುರು 2-1ರಿಂದ ಸೋತ ಬೆನ್ನಿಗೆ ಮೆನೆಂಡೆಸ್ ರಾಜೀನಾಮೆ ಕೊಟ್ಟರು. ಸೂಪರ್ ಲೀಗ್ ಪ್ರವೇಶವೂ ಆಗಲಿಲ್ಲ. 2020ರ ಮೇ 31ಕ್ಕೆ ಸಂಬಂಧ ಮುಗಿಯಿತು.

ಕೊನೆಯ ತಿಂಗಳಿನ ನಡೆ ಮಾತ್ರ ಸುಲಭವಾಗಿ ಮರೆಯುವಂಥದ್ದಲ್ಲ. ಕೋವಿಡ್ ಲಾಕ್‌ಡೌನನ್ನು ಕರಾರಿನ ‘ಫೋರ್ಸ್ ಮಜೂರ್’ ಷರತ್ತಿನಡಿ, ಅಂದರೆ ಯಾರ ಕೈಯಲ್ಲೂ ಇಲ್ಲದ ಅನಿವಾರ್ಯ ಸಂದರ್ಭವೆಂದು ತೋರಿಸಿ, ಮೇ 1ರಿಂದಲೇ ಆಟಗಾರರ ಒಪ್ಪಂದಗಳನ್ನು ರದ್ದುಗೊಳಿಸಲಾಯಿತು. ಸಿಬ್ಬಂದಿ ಒದಗಿಸುವುದನ್ನೇ ಕಸುಬಾಗಿಸಿಕೊಂಡ ಸಂಸ್ಥೆಯಿಂದ ಈ ಪತ್ರ ಹೋದದ್ದು ವಿಪರ್ಯಾಸ. ಬಾಕಿ ಹಣದ ದೂರುಗಳು ಆಮೇಲೆ ಫಿಫಾವರೆಗೂ ಹೋದವು. ಅಕೋಸ್ಟಾಗೆ ಸಲ್ಲಬೇಕಾದ ಹಣ ಸಂದಾಯವಾಗದ ಕಾರಣಕ್ಕೆ 2021ರಲ್ಲಿ ಹೊಸ ಆಟಗಾರರನ್ನು ನೋಂದಾಯಿಸದಂತೆ ಈಸ್ಟ್ ಬೆಂಗಾಲ್ ಮೇಲೆ ನಿಷೇಧ ಬಿತ್ತು. ಅಷ್ಟು ಹೊತ್ತಿಗೆ ಕ್ವೆಸ್ ಹೋಗಿ ವರ್ಷವಾಗಿತ್ತು, ಬೇರೊಬ್ಬ ಹೂಡಿಕೆದಾರ ಬಂದಿದ್ದ. ಫಿಫಾ ಕಡತದಲ್ಲಿ ಇರುವುದು ಹೂಡಿಕೆದಾರನ ಹೆಸರಲ್ಲ, ಕ್ಲಬ್ಬಿನ ಹೆಸರು. ಸಾಲ ಮಾಡಿದವನು ಯಾರೇ ಆಗಿರಲಿ, ಕ್ರೀಡಾ ಹಕ್ಕಿನ ಬೆನ್ನಿಗೆ ಸಾಲವೂ ಅಂಟಿಕೊಂಡೇ ಬರುತ್ತದೆ ಎಂಬುದನ್ನು ಈ ಪ್ರಕರಣದಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ನಮ್ಮ ದೇಶದಲ್ಲಿ ಕಡಿಮೆ.

ಎರಡು ಅಕ್ಷರಗಳು

2020ರ ಜನವರಿಯಲ್ಲಿ ಮೋಹನ್ ಬಾಗಾನ್ ತನ್ನ ಫುಟ್‌ಬಾಲ್ ಕಂಪನಿಯ 80 ಪಾಲನ್ನು ಆರ್‌ಪಿಎಸ್‌ಜಿ ಸಮೂಹಕ್ಕೆ ಕೊಟ್ಟು ಸೂಪರ್ ಲೀಗಿಗೆ ಹೋಗುವುದು ಖಚಿತವಾದ ಮೇಲೆ, ಈಸ್ಟ್ ಬೆಂಗಾಲ್ ಹಿಂದುಳಿಯುವಂತಿರಲಿಲ್ಲ. ಡರ್ಬಿಯ, ಅಂದರೆ ಒಂದೇ ಊರಿನ ಈ ಎರಡು ತಂಡಗಳ ಹಣಾಹಣಿಯ, ಒಂದು ಬದಿ ಮೇಲಿನ ಲೀಗಿನಲ್ಲಿದ್ದು ಇನ್ನೊಂದು ಬದಿ ಕೆಳಗುಳಿದರೆ, ಡರ್ಬಿಯೇ ಇಲ್ಲ. 2020ರ ಸೆಪ್ಟೆಂಬರ್ 2ರಂದು ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ರಾಜ್ಯದ ಆಡಳಿತ ಭವನವಾದ ನಬಾನ್ನದಲ್ಲಿ ಶ್ರೀ ಸಿಮೆಂಟ್ ಹೂಡಿಕೆಯನ್ನು ಪ್ರಕಟಿಸಿದರು; ಅದೇ ತಿಂಗಳ ಕೊನೆಯಲ್ಲಿ ಸೂಪರ್ ಲೀಗ್ ಪ್ರವೇಶವೂ ಘೋಷಣೆಯಾಯಿತು. ವಿಧಾನಸಭಾ ಚುನಾವಣೆ ಏಳೆಂಟು ತಿಂಗಳು ದೂರವಿತ್ತು. ಫುಟ್‌ಬಾಲ್ ಕ್ಲಬ್ಬಿಗೆ ಬಂಡವಾಳ ತರುವ ಕೆಲಸವನ್ನು ಮುಖ್ಯಮಂತ್ರಿಯೇ ವಹಿಸಿಕೊಂಡದ್ದಕ್ಕೆ ಅವರ ಕ್ರೀಡಾಪ್ರೇಮವೊಂದೇ ಕಾರಣವೆನ್ನಲು ಬಂಗಾಳದಲ್ಲಿ ಯಾರೂ ಒಪ್ಪಲಾರರು.

ತಂಡದ ಹೆಸರು ಎಸ್‌ಸಿ ಈಸ್ಟ್ ಬೆಂಗಾಲ್. ಎಸ್‌ಸಿ ಎಂದರೆ ಸ್ಪೋರ್ಟಿಂಗ್ ಕ್ಲಬ್ ಎಂದು ಓದಿಕೊಳ್ಳಬಹುದಿತ್ತು. ಶ್ರೀ ಸಿಮೆಂಟಿನ ಮೊದಲಕ್ಷರಗಳೆಂದೂ ಓದಿಕೊಳ್ಳಬಹುದಿತ್ತು. ಯಾರಿಗೆ ಹೇಗೆ ಬೇಕೋ ಹಾಗೆ ಓದಿಕೊಳ್ಳಲಿ ಎಂಬಂತಿದ್ದ ಈ ಎರಡು ಅಕ್ಷರಗಳೇ ಇಡೀ ಒಪ್ಪಂದದ ಸ್ವಭಾವವನ್ನು ಹೇಳುತ್ತಿದ್ದವು. ಸಹಿಯಾಗಿದ್ದದ್ದು ಟರ್ಮ್ ಶೀಟ್ ಮಾತ್ರ, ಅಂದರೆ ಮುಖ್ಯ ಷರತ್ತುಗಳ ಪಟ್ಟಿ. ಹೂಡಿಕೆದಾರರಿಗೆ 76, ಕ್ಲಬ್ಬಿಗೆ 24 ಪಾಲು. ವಿವರವಾದ ಅಂತಿಮ ಒಪ್ಪಂದ ಆಮೇಲೆ ಬರುತ್ತದೆಂದು ಇಬ್ಬರೂ ನಂಬಿ, ಲಿವರ್‌ಪೂಲ್‌ನ ಹಳೆಯ ಗೋಲುಗಾರ ರಾಬಿ ಫೌಲರ್ ಅವರನ್ನು ಕೋಚ್ ಮಾಡಿಕೊಂಡು, ಆ ಋತುವಿನ ಸೂಪರ್ ಲೀಗ್ ನಡೆದ ಗೋವಾಕ್ಕೆ ಹೊರಟರು. 11 ತಂಡಗಳಲ್ಲಿ 9ನೆಯ ಸ್ಥಾನ ಸಿಕ್ಕಿತು.

ಅಂತಿಮ ಒಪ್ಪಂದದ ಕರಡು ಬಂದಾಗ ಕ್ಲಬ್ಬಿನ ಕಾರ್ಯಕಾರಿ ಸಮಿತಿ ಅದಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಟರ್ಮ್ ಶೀಟಿನಲ್ಲಿ ಇಲ್ಲದ ಸಂಗತಿಗಳು ಕರಡಿನಲ್ಲಿ ಬಂದಿವೆ, ಸದಸ್ಯರ ಹಕ್ಕುಗಳಿಗೂ ಕ್ಲಬ್ಬಿನ ಸ್ವಾಯತ್ತತೆಗೂ ಇದರಿಂದ ಧಕ್ಕೆಯಾಗುತ್ತದೆ ಎಂಬುದು ಸಮಿತಿಯ ಆಕ್ಷೇಪ. ಮೊದಲು ಒಪ್ಪಿಕೊಂಡದ್ದಕ್ಕಿಂತ ಹೆಚ್ಚಿನದನ್ನೇನೂ ಕೇಳಿಲ್ಲ, ಸಹಿಯಾಗದೆ ಮುಂದಿನ ಹಣ ಹಾಕಲಾಗದು ಎಂಬುದು ಕಂಪನಿಯ ಉತ್ತರ. ಎರಡೂ ಕಡೆಯ ಮಾತಿನಲ್ಲಿ ಹುರುಳಿತ್ತು. ಕೋಟಿಗಟ್ಟಲೆ ಸುರಿಯುವವನು ತನ್ನ ಹಣಕ್ಕೆ ಭದ್ರತೆ ಕೇಳುವುದು ತಪ್ಪಲ್ಲ. ಸಂಘದ ಪದಾಧಿಕಾರಿಗಳು ಸದಸ್ಯರನ್ನು ಕೇಳದೆ ಸಂಘವನ್ನೇ ಬರೆದುಕೊಡಲು ಬರುವುದಿಲ್ಲ ಎಂಬುದೂ ನಿಜ. ಆದರೆ ಪದಾಧಿಕಾರಿಗಳಿಗೆ ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಸದಸ್ಯರ ಹಕ್ಕುಗಳು 2020ರ ಸೆಪ್ಟೆಂಬರ್‌ನಲ್ಲಿ, ನಬಾನ್ನದಲ್ಲಿ ನಗುನಗುತ್ತಾ ಘೋಷಣೆಗೆ ಒಪ್ಪಿಕೊಂಡಾಗ, ಎಲ್ಲಿದ್ದವು? ಸದಸ್ಯರ ಹೆಸರು ಮುಂದೆ ಬಂದದ್ದು ಪದಾಧಿಕಾರಿಗಳ ಹಿಡಿತ ತಪ್ಪುವ ಸೂಚನೆ ಕಂಡ ಮೇಲೆಯೇ ಎಂಬ ಸಂದೇಹ ಆ ಜುಲೈನಲ್ಲಿ ಬೀದಿಗಿಳಿದ ಬಹುಪಾಲು ಯುವ ಅಭಿಮಾನಿಗಳಲ್ಲಿತ್ತು, ಮತ್ತು ಅದು ಆಧಾರವಿಲ್ಲದ ಸಂದೇಹವಲ್ಲ.

ಲಾಠಿ ಬೀಸಿದ ಒಂದು ತಿಂಗಳ ಮೇಲೆ, ಆಗಸ್ಟ್ ಕೊನೆಯ ವಾರದಲ್ಲಿ, ಮುಖ್ಯಮಂತ್ರಿ ಮತ್ತೆ ಮಧ್ಯೆ ಬಂದು ಆ ಒಂದು ಋತುವಿಗೆ ತಂಡ ಆಡುವಂತೆ ಮಾಡಿದರು. ಎಲ್ಲರೂ ಆಟಗಾರರನ್ನು ಆಯ್ದುಕೊಂಡು ಮುಗಿಸಿದ ಮೇಲೆ ಉಳಿದವರನ್ನು ಕೂಡಿಸಿ ಕಟ್ಟಿದ ತಂಡವದು. 20 ಪಂದ್ಯಗಳಲ್ಲಿ ಒಂದೇ ಗೆಲುವು, 11 ಅಂಕ, ಕೊನೆಯ ಸ್ಥಾನ. 2022ರ ಏಪ್ರಿಲ್‌ನಲ್ಲಿ ಶ್ರೀ ಸಿಮೆಂಟ್ ಕ್ರೀಡಾ ಹಕ್ಕನ್ನು ಮರಳಿಸಿ ಹೊರನಡೆಯಿತು. ಅಂತಿಮ ಒಪ್ಪಂದಕ್ಕೆ ಕೊನೆಗೂ ಸಹಿಯಾಗಲೇ ಇಲ್ಲ. ಎರಡು ಋತುಗಳು ಟರ್ಮ್ ಶೀಟಿನ ಮೇಲೆಯೇ ನಡೆದುಹೋದವು.

ಎದುರು ಬದಿಯವರ ಪಾಡು

ಮೋಹನ್ ಬಾಗಾನ್ ಸಹಿ ಹಾಕಿತ್ತು, ಹಣ ಬಂತು, ಟ್ರೋಫಿಗಳೂ ಬಂದವು. ಆದರೆ ಹೆಸರು ಎಟಿಕೆ ಮೋಹನ್ ಬಾಗಾನ್ ಆಯಿತು. ಎಟಿಕೆ ಎಂದರೆ 2014ರಲ್ಲಿ ಹುಟ್ಟಿದ, ಅದೇ ಊರಿನ ಫ್ರಾಂಚೈಸಿ. 1889ರ ಕ್ಲಬ್ಬಿನ ಹೆಸರಿನ ಮುಂದೆ ಆರು ವರ್ಷದ ಕೂಸಿನ ಹೆಸರನ್ನು ಹೊತ್ತುಕೊಂಡು ತಿರುಗಲು ಅಭಿಮಾನಿಗಳು ಸಿದ್ಧರಿರಲಿಲ್ಲ. ‘ರಿಮೂವ್ ಎಟಿಕೆ’ ಎಂಬ ಕೂಗು ಮೂರು ವರ್ಷ ನಿಲ್ಲಲಿಲ್ಲ. 2023ರ ಮಾರ್ಚ್‌ನಲ್ಲಿ ತಂಡ ಸೂಪರ್ ಲೀಗ್ ಗೆದ್ದ ರಾತ್ರಿಯೇ ಆರ್‌ಪಿಎಸ್‌ಜಿ ಸಮೂಹದ ಮುಖ್ಯಸ್ಥ ಸಂಜೀವ್ ಗೋಯಂಕಾ ಆ ಹೆಸರನ್ನು ಕೈಬಿಡುವುದಾಗಿ ಪ್ರಕಟಿಸಿದರು. ಬಂದ ಹೊಸ ಹೆಸರು ಮೋಹನ್ ಬಾಗಾನ್ ಸೂಪರ್ ಜೈಂಟ್. ಅದೂ ಸಮೂಹದ ಕ್ರಿಕೆಟ್ ತಂಡದ ಹೆಸರಿನ ಬಾಲವೇ. ಮುಂದಿದ್ದದ್ದು ಹಿಂದಕ್ಕೆ ಹೋಯಿತು. ಅಭಿಮಾನಿಗಳು ಅದನ್ನು ಗೆಲುವೆಂದೇ ಎಣಿಸಿದರು, ಬಹುಶಃ ಸರಿಯಾಗಿಯೇ.

2022ರ ನಂತರ

2022ರ ಮೇ 25ರಂದು ನಬಾನ್ನದಲ್ಲಿ ಮತ್ತೊಂದು ಘೋಷಣೆಯಾಯಿತು. ಈ ಸಲ ಕೋಲ್ಕತ್ತದ ಇಮಾಮಿ ಸಮೂಹ. ಒಪ್ಪಂದಕ್ಕೆ ಸಹಿ ಬಿದ್ದದ್ದು ಆಗಸ್ಟ್ 2ರಂದು, ಕ್ಲಬ್ಬಿನ ಸ್ಥಾಪನಾ ದಿನದ ಮರುದಿನ: ಇಮಾಮಿಗೆ 77 ಪಾಲು, ಕ್ಲಬ್ಬಿಗೆ 23. ಅಂಕಿಗಳನ್ನಷ್ಟೇ ನೋಡಿದರೆ ಕ್ಲಬ್ಬಿಗೆ ಶ್ರೀ ಸಿಮೆಂಟ್ ಕೊಡಲು ಬಂದದ್ದಕ್ಕಿಂತ ಒಂದು ಪಾಲು ಕಡಿಮೆಯೇ ದಕ್ಕಿತು. ಹಾಗಾದರೆ ಒಂದು ವರ್ಷದ ಹಿಂದೆ ಬೀದಿಯಲ್ಲಿ ರಕ್ತ ಹರಿದದ್ದು ಯಾವುದಕ್ಕಾಗಿ ಎಂದು ಯಾರಾದರೂ ಕೇಳಿದರೆ, ಉತ್ತರ ಪಾಲಿನ ಲೆಕ್ಕದಲ್ಲಿ ಸಿಗುವುದಿಲ್ಲ. 1998ರಲ್ಲಿ 50, 2018ರಲ್ಲಿ 30, 2020ರಲ್ಲಿ 24, 2022ರಲ್ಲಿ 23: ಕ್ಲಬ್ಬಿನ ಪಾಲು ಪ್ರತಿಸಲವೂ ಇಳಿದಿದೆ. ಗದ್ದಲ ಈ ಇಳಿಕೆಯ ಜೊತೆ ಏರಿಲ್ಲ. ಅದು ಏರಿದ್ದು ಹೂಡಿಕೆದಾರ ಟೆಂಟಿನ ವ್ಯವಹಾರಕ್ಕೆ ಕೈ ಹಾಕಿದಾಗ, ಮತ್ತು ತಂಡ ಸೋತಾಗ. ಎರಡೂ ಒಟ್ಟಿಗೆ ಬಂದರೆ ಲಾಠಿಯೂ ಬಂತು.

ಫುಟ್‌ಬಾಲ್ ನಿರ್ವಹಣೆಯ ದೃಷ್ಟಿಯಿಂದ ಇಲ್ಲಿ ಕರಾರಿನಲ್ಲೇ ಬರೆದಿಡಬಹುದಾಗಿದ್ದ ಸಂಗತಿಗಳು ಹೆಚ್ಚೇನಿಲ್ಲ. ಹೆಸರು, ಬಣ್ಣ, ಲಾಂಛನಗಳು ಸಂಘದ ಬಳಿಯೇ ಉಳಿದು, ಕಂಪನಿಗೆ ಅವುಗಳ ಬಳಕೆಯ ಪರವಾನಗಿ ಮಾತ್ರ ಸಿಗಬೇಕಿತ್ತು. ಎದೆಯ ಮೇಲೆ ಬರುವ ಪ್ರಾಯೋಜಕನ ಹೆಸರಿಗೆ ಸಂಘದ ಒಪ್ಪಿಗೆ ಬೇಕೆಂದಿದ್ದರೆ ಠೇವಣಿ ಕಂಪನಿಗಳಂತಹ ಪ್ರಕರಣದಲ್ಲಿ ಹೊಣೆ ಯಾರದೆಂದಾದರೂ ತಿಳಿಯುತ್ತಿತ್ತು. ಹೂಡಿಕೆದಾರ ಹೊರಹೋಗುವಾಗ ಆಟಗಾರರ ಬಾಕಿ ತೀರಿಸಿದ್ದಕ್ಕೆ ರಸೀದಿ ತೋರಿಸಿಯೇ ಕ್ರೀಡಾ ಹಕ್ಕು ಮರಳಿಸಬೇಕೆಂಬ ಒಂದು ಸಾಲಿದ್ದಿದ್ದರೆ ಅಕೋಸ್ಟಾ ಪ್ರಕರಣ ಫಿಫಾಕ್ಕೆ ಹೋಗುತ್ತಿರಲಿಲ್ಲ. ಎಲ್ಲಕ್ಕಿಂತ ಮೊದಲು, ಘೋಷಣೆಯ ಮುಂಚೆ ಸದಸ್ಯರ ಸಾಮಾನ್ಯ ಸಭೆಯಲ್ಲಿ ಕರಡನ್ನು ಓದಿ ಹೇಳಬೇಕಿತ್ತು.

ಬೆಂಗಳೂರಿಗೂ ಈ ಕ್ಲಬ್ಬಿಗೂ ಇರುವ ನಂಟು ಹಣದ್ದಷ್ಟೇ ಅಲ್ಲವೆಂದು ಇಲ್ಲಿ ನೆನೆಯಬೇಕು. 1950ರ ಆಸುಪಾಸಿನಲ್ಲಿ ‘ಪಂಚಪಾಂಡವರು’ ಎಂದು ಹೆಸರಾದ ಈಸ್ಟ್ ಬೆಂಗಾಲ್‌ನ ಐವರು ಮುನ್ಪಡೆ ಆಟಗಾರರಲ್ಲಿ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ ಅಹ್ಮದ್ ಖಾನ್ ಬೆಂಗಳೂರಿನವರು. 2017ರಲ್ಲಿ ತಮ್ಮೂರಿನಲ್ಲೇ ತೀರಿಕೊಂಡರು. 2023ರಲ್ಲಿ ಇಮಾಮಿ ಕಾಲದ ಕೋಚ್ ಆಗಿ ಬಂದ ಕಾರ್ಲೆಸ್ ಕ್ವಾದ್ರಾತ್ 2018-19ರಲ್ಲಿ ಬೆಂಗಳೂರು ಎಫ್‌ಸಿಗೆ ಸೂಪರ್ ಲೀಗ್ ಗೆದ್ದುಕೊಟ್ಟವರು. 2024ರ ಜನವರಿ 28ರಂದು ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಒಡಿಶಾ ವಿರುದ್ಧದ ಸೂಪರ್ ಕಪ್ ಫೈನಲ್ ಹೆಚ್ಚುವರಿ ಸಮಯಕ್ಕೆ ಹೋದಾಗ, 111ನೆಯ ನಿಮಿಷದಲ್ಲಿ 3-2ರ ಗೋಲು ಹೊಡೆದ ಬ್ರೆಜಿಲ್‌ನ ಕ್ಲೇಟನ್ ಸಿಲ್ವಾ ಕೂಡ ಹಿಂದೆ ಬೆಂಗಳೂರು ಎಫ್‌ಸಿಯಲ್ಲಿ ಆಡಿದವರೇ. 2012ರ ಫೆಡರೇಷನ್ ಕಪ್ಪಿನ ನಂತರ ಈಸ್ಟ್ ಬೆಂಗಾಲ್‌ಗೆ ಸಿಕ್ಕ ಮೊದಲ ರಾಷ್ಟ್ರಮಟ್ಟದ ಪ್ರಶಸ್ತಿ ಅದು. ಕ್ವಾದ್ರಾತ್ ಅವರ ಅವಧಿಯೂ ಬಹುಕಾಲ ಉಳಿಯಲಿಲ್ಲ; ಅದೇ ವರ್ಷ ಸೂಪರ್ ಲೀಗಿನ ಮೊದಲ ಮೂರು ಪಂದ್ಯಗಳನ್ನು ಸೋತ ಮೇಲೆ ಸೆಪ್ಟೆಂಬರ್ 30ರಂದು ರಾಜೀನಾಮೆ ಕೊಟ್ಟರು. ಆ ಸಲ ಟೆಂಟಿನ ಮುಂದೆ ಕರಾರಿನ ಬಗ್ಗೆ ಯಾರೂ ಕೂಗಲಿಲ್ಲ. ಕೂಗಿದ್ದೆಲ್ಲ ತಂಡದ ಆಟದ ಬಗ್ಗೆ.